ಪಂಜರ ಬರಿದಾದಾಗ

ಮನೆಯ ಹಿರಿಯರು ಲಿಂಗೈಕ್ಯರಾದರೆ ಊರೇ ಬಂದು ನೆರೆಯುತ್ತದೆ. ಹಟ್ಟಿಯ ಹಸು ಸತ್ತರೆ ಒಕ್ಕಲುಮಗನ ಸಂಕಟವನ್ನು ನೆರೆಯವರು ಬಲ್ಲರು. ಆದರೆ ದೂರದೇಶದ ಗಿಳಿಯೊಂದು ವರ್ಷಗಟ್ಟಲೆ ಮನೆಯವರ ಹೆಸರು ಹಿಡಿದು ಕರೆದು, ಒಂದು ಬೆಳಗ್ಗೆ ಪಂಜರದ ತಳದಲ್ಲಿ ನಿಶ್ಚಲವಾಗಿ ಬಿದ್ದಿದ್ದರೆ, ಆ ಮನೆಯ ದುಃಖವನ್ನು ಹಂಚಿಕೊಳ್ಳುವವರು ವಿರಳ. ಒಂದು ಹಕ್ಕಿಗಾಗಿ ಇಷ್ಟು ಅಳುವುದೇ ಎಂದು ಬಂದವರು ನಗುತ್ತಾರೆ. ಅತ್ತವನು ತನ್ನ ಕಣ್ಣೀರಿಗೆ ತಾನೇ ನಾಚುತ್ತಾನೆ. ಈ ನಾಚಿಕೆಯು ಶರಣಮಾರ್ಗಕ್ಕೆ ಒಪ್ಪುವುದೇ ಎಂಬುದು ಸದ್ಭಕ್ತರು ವಿಚಾರಿಸತಕ್ಕ ವಿಷಯ.

ಇಂದು ನಗರಗಳ ಅನೇಕ ಮನೆಗಳಲ್ಲಿ ಆಫ್ರಿಕದ ಬೂದು ಗಿಳಿಯಿದೆ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕೆಂಪು. ಮಾತು ಕಲಿಯುವುದರಲ್ಲಿ ಅದಕ್ಕೆ ಸಮನಾದ ಹಕ್ಕಿಗಳು ಕಡಿಮೆ. ಸರಿಯಾದ ಆರೈಕೆಯಿದ್ದರೆ 40 ವರ್ಷಕ್ಕೂ ಮಿಕ್ಕಿ ಬಾಳಬಲ್ಲದು. ಮಕ್ಕಳು ಹುಟ್ಟಿ, ಓದಿ, ಮದುವೆಯಾಗಿ ಹೋಗುವವರೆಗೂ ಅದು ಅದೇ ಮೂಲೆಯಿಂದ ಮನೆಯನ್ನು ನೋಡುತ್ತಿರುತ್ತದೆ. ಅಂಥ ಜೀವವು ಇಲ್ಲವಾದಾಗ ಎದೆ ಬರಿದಾಗುವುದು ದೌರ್ಬಲ್ಯವಲ್ಲ.

ಅಮೆರಿಕದ ವಿದುಷಿ ಐರೀನ್ ಪೆಪ್ಪರ್‌ಬರ್ಗ್ ಎಂಬವರು 1977ರಲ್ಲಿ ಇದೇ ಜಾತಿಯ ಗಿಳಿಯೊಂದನ್ನು ಅಂಗಡಿಯಿಂದ ಕೊಂಡು ತಂದು, ಅಲೆಕ್ಸ್ ಎಂದು ಹೆಸರಿಟ್ಟರು. ಮೂವತ್ತು ವರ್ಷಗಳ ಅಭ್ಯಾಸದಲ್ಲಿ ಅದು ಸುಮಾರು ನೂರು ಪದಗಳನ್ನು ಕಲಿಯಿತು, ಬಣ್ಣ, ಆಕಾರಗಳನ್ನು ಗುರುತಿಸಿತು, ಆರರವರೆಗೆ ಎಣಿಸಿತು. 2007ರ ಸೆಪ್ಟೆಂಬರ್‌ನಲ್ಲಿ, 31ನೆಯ ವಯಸ್ಸಿನಲ್ಲಿ, ಒಂದು ರಾತ್ರಿ ಅದರ ಉಸಿರು ನಿಂತಿತು. ಸಂಶೋಧನೆಗೆ ಭಂಗ ಬರಬಾರದೆಂದು ಅಕ್ಕರೆಯನ್ನು ಅಷ್ಟು ದಿನ ಅಂಕೆಯಲ್ಲಿಟ್ಟಿದ್ದ ಆ ವಿದುಷಿ, 2008ರ ತಮ್ಮ ಗ್ರಂಥದಲ್ಲಿ ಆ ಶೋಕವನ್ನು ಮುಚ್ಚುಮರೆಯಿಲ್ಲದೆ ಬರೆದರು. ಶಾಸ್ತ್ರಜ್ಞರಿಗೇ ಅಡಗಿಸಲಾಗದ ದುಃಖವನ್ನು ಗೃಹಸ್ಥನು ಏಕೆ ಅಡಗಿಸಬೇಕು?

ಬಸವಣ್ಣನವರು ದಯೆಯನ್ನು ಧರ್ಮದ ಬುಡದಲ್ಲಿಟ್ಟರು. ಆ ದಯೆಗೆ ಮನುಷ್ಯಜಾತಿಯ ಎಲ್ಲೆಯನ್ನು ಹಾಕಲಿಲ್ಲ. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಅರಸಿ ಹೊರಟಾಗ ದಾರಿ ಕೇಳಿದ್ದು ಗಿಳಿ, ಕೋಗಿಲೆ, ಹಂಸ, ನವಿಲುಗಳನ್ನು. ದೇವನ ಸುಳಿವನ್ನು ಬಲ್ಲವೆಂದು ಅಕ್ಕನು ನಂಬಿದ ಜೀವಗಳಿಗಾಗಿ ಭಕ್ತನು ಅಳುವುದರಲ್ಲಿ ತಪ್ಪೇನಿದೆ?

ಅಳುವವನ ಬಾಯಿ ಮುಚ್ಚಿಸಲು ಎರಡು ಮಾತುಗಳನ್ನು ಬಳಸುವುದುಂಟು. ಮೊದಲನೆಯದು, ಇದೆಲ್ಲ ಮಾಯೆ ಎಂಬುದು. ಆದರೆ ಮಾಯೆಯು ಹೊರಗಿನ ವಸ್ತುವಿನಲ್ಲಿಲ್ಲ, ಮನಸ್ಸಿನೊಳಗಿನ ಬಯಕೆಯಲ್ಲಿದೆ ಎಂಬುದು ಅಲ್ಲಮಪ್ರಭುಗಳ ಬೋಧೆ. ಹಾಗಾದರೆ ಹಕ್ಕಿಯು ಮಾಯೆಯಲ್ಲ, ಹಕ್ಕಿಯ ಮೇಲಿನ ದಯೆಯೂ ಮಾಯೆಯಲ್ಲ. ಎರಡನೆಯದು, ಶರಣರಿಗೆ ಮರಣವೇ ಹಬ್ಬವೆಂಬುದು. ಶರಣರು ಹಾಗೆ ನುಡಿದದ್ದು ತಮ್ಮ ಮರಣವನ್ನು ಎದುರಿಸುವ ಧೈರ್ಯಕ್ಕಾಗಿ. ಪರರ ಕಣ್ಣೀರನ್ನು ಹಳಿಯುವುದಕ್ಕಾಗಿ ಅಲ್ಲ. ತನಗೆ ತಾನು ಹೇಳಿಕೊಂಡರೆ ಅದು ಅನುಭಾವ. ನೊಂದವನ ಮುಖಕ್ಕೆ ಎಸೆದರೆ ಅದು ಕಾಠಿಣ್ಯ.

ಆದುದರಿಂದ ಗೃಹಸ್ಥನು ನಾಚದೆ ಅಳಲಿ. ಲಿಂಗಧಾರಣೆಯಿಲ್ಲದ ಜೀವಕ್ಕೆ ಕ್ರಿಯಾಸಮಾಧಿಯ ವಿಧಿಯಿಲ್ಲ. ಆದರೆ ಬಿಳಿಯ ಬಟ್ಟೆಯಲ್ಲಿ ಸುತ್ತಿ ಗೌರವದಿಂದ ಮಣ್ಣಿಗೆ ಒಪ್ಪಿಸಲು ಯಾವ ಅಡ್ಡಿಯೂ ಇಲ್ಲ. ಹಾರಿಹೋಯಿತೆಂದು ಮಕ್ಕಳಿಗೆ ಸುಳ್ಳು ಹೇಳದೆ, ಸತ್ತಿತೆಂದು ಹೇಳಿ ಜೊತೆಯಲ್ಲಿ ನಿಲ್ಲಿಸಿಕೊಳ್ಳಲಿ. ಅಂದಿನ ಲಿಂಗಪೂಜೆಯನ್ನು ತಪ್ಪಿಸದಿರಲಿ. ಪೂಜೆಯ ಸಮಯದಲ್ಲಿ ಕಣ್ಣು ತುಂಬಿದರೆ ಅದನ್ನು ಒರೆಸಿಕೊಳ್ಳಬೇಕಾಗಿಲ್ಲ.

ಅತ್ತು ಹಗುರಾದ ಮೇಲೆ ಒಂದು ಆತ್ಮಪರೀಕ್ಷೆ ಉಳಿಯುತ್ತದೆ. ಪ್ರೀತಿಸಿದ್ದು ಹಕ್ಕಿಯನ್ನೋ, ತನ್ನ ಹೆಸರನ್ನು ಹಕ್ಕಿಯ ಬಾಯಲ್ಲಿ ಕೇಳುವ ಸುಖವನ್ನೋ? ಆ ಗಿಳಿಗೆ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಕಾಡು ತವರು. ಅಲ್ಲಿ ಅದು ದೊಡ್ಡ ಹಿಂಡಿನಲ್ಲಿ ಬಾಳುತ್ತದೆ. ಒಂಟಿಯಾಗಿ ಪಂಜರದಲ್ಲಿದ್ದು ಬೇಸತ್ತರೆ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಕಾದು ಹೊಗೆಯಾಡುವ ನಾನ್‌ಸ್ಟಿಕ್ ಬಾಣಲೆಯ ಆವಿಯೂ ಅದರ ಶ್ವಾಸಕೋಶಕ್ಕೆ ವಿಷ. ಅಡುಗೆಮನೆಯ ಪಕ್ಕದ ಪಂಜರದಲ್ಲಿ ಹಕ್ಕಿ ದಿಢೀರನೆ ಸಾಯಲು ಇದೂ ಒಂದು ಕಾರಣ. 1975ರಿಂದ 2013ರವರೆಗೆ ಸುಮಾರು 13 ಲಕ್ಷ ಬೂದು ಗಿಳಿಗಳನ್ನು ಕಾಡಿನಿಂದ ಹಿಡಿದು ಹೊರದೇಶಗಳಿಗೆ ಸಾಗಿಸಿದರೆಂದು ದಾಖಲೆಯಿದೆ. ಸಾಗಣೆಗೆ ಮುನ್ನವೇ ಸತ್ತವುಗಳು ಆ ಲೆಕ್ಕದಲ್ಲಿಲ್ಲ. ಘಾನಾ ದೇಶದಲ್ಲಿ ಒಂದೇ ತಲೆಮಾರಿನಲ್ಲಿ ಅವುಗಳ ಸಂಖ್ಯೆ ನೂರಕ್ಕೆ 90ಕ್ಕಿಂತ ಹೆಚ್ಚು ಕುಸಿಯಿತು. ಆದ್ದರಿಂದಲೇ 2016ರಲ್ಲಿ ಜಗತ್ತಿನ ರಾಷ್ಟ್ರಗಳು ಕೂಡಿ, ಕಾಡಿನ ಬೂದು ಗಿಳಿಯ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ತೀರ್ಮಾನಿಸಿದವು. ಒಂದು ಹಕ್ಕಿಗಾಗಿ ಅತ್ತವನು ಬಲೆಗೆ ಬಿದ್ದ ಲಕ್ಷ ಹಕ್ಕಿಗಳನ್ನು ನೆನೆಯದಿದ್ದರೆ, ಆ ಅಳುವಿನಲ್ಲಿ ದಯೆಗಿಂತ ಮಮಕಾರದ ಪಾಲೇ ಹೆಚ್ಚೆಂದು ತಿಳಿಯಬೇಕು.

ಬರಿದಾದ ಪಂಜರವನ್ನು ಮರುವಾರವೇ ತುಂಬಿಸಬೇಕೆಂಬ ಆತುರ ಎಲ್ಲರಿಗೂ ಬರುತ್ತದೆ. ಇದು ದುಃಖದ ಪರಿಹಾರವಲ್ಲ, ದುಃಖದಿಂದ ಪಲಾಯನ. ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬೂದು ಗಿಳಿಯಂಥ ಹೊರನಾಡಿನ ಜೀವಿಗಳನ್ನು ಇಟ್ಟುಕೊಂಡವರು ಅವುಗಳನ್ನು ನೋಂದಾಯಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಕಾನೂನಿಗಿಂತ ಮಿಗಿಲಾದುದು ಅಂತಃಸಾಕ್ಷಿ. ಹಕ್ಕಿ ಸಾಕಲೇಬೇಕೆಂಬ ಆಸೆ ಉಳಿದರೆ, ಒಡೆಯನು ಮುಪ್ಪಾಗಿ ಅಥವಾ ತೀರಿಕೊಂಡು ದಿಕ್ಕಿಲ್ಲದಂತಾದ ಹಕ್ಕಿಗೆ, ನಿಯಮದಂತೆ, ಆಸರೆ ಕೊಡಲಿ. ಇಲ್ಲವಾದರೆ ಅಗಲಿದ ಗಿಳಿಯ ಕಾಳಿಗೆ ತೆಗೆದಿಡುತ್ತಿದ್ದ ಹಣವನ್ನು ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ಸಲ್ಲಿಸಲಿ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಒಂದು ಬೋಗುಣಿ ನೀರಿಡಲಿ. ದಾಸೋಹವೆಂದರೆ ಕೊಟ್ಟದ್ದು ತನ್ನದೆಂಬ ಭಾವವನ್ನು ಬಿಟ್ಟು ಕೊಡುವುದು. ಆ ನೀರನ್ನು ಕುಡಿದ ಹಕ್ಕಿಯು ಯಾರ ಹೆಸರನ್ನೂ ಕರೆಯದೆ ಹಾರಿಹೋಗುತ್ತದೆ. ಅದನ್ನು ನೋಡಿ ಭಕ್ತನ ಮನಸ್ಸು ತಣಿದರೆ, ಅಗಲಿದ ಗಿಳಿಯ ಮೇಲಿನ ಪ್ರೀತಿಯು ಶಿವನಿಗೆ ಅರ್ಪಿತವಾಯಿತೆಂದೇ ಅರ್ಥ.