ಅಕ್ಷರ ತಿದ್ದುವ ಮಗು

ಪುಟ್ಟ ಮಗುವಿನ ಕೈಗೆ ಲೇಖನಿಯನ್ನೋ ಕುಂಚವನ್ನೋ ಕೊಟ್ಟು ಸುಂದರವಾಗಿ ಬರೆಯಲು ಹೇಳುವಾಗ ನಾವು ನಿಜಕ್ಕೂ ಕಲಿಸುತ್ತಿರುವುದು ಏನನ್ನು? ಅಕ್ಷರವನ್ನು ಮಾತ್ರವೇ, ಅಥವಾ ಅದರ ಮೂಲಕ ನಡತೆಯನ್ನೂ? ಗೋಡೆಗೆ ತೂಗುಹಾಕಲು ಅಂದದ ಹಾಳೆಯೊಂದು ಸಿಕ್ಕರೆ ಸಾಕೆಂದು ಭಾವಿಸುವ ತಂದೆ ತಾಯಂದಿರು ಈ ಪ್ರಶ್ನೆಯನ್ನು ಒಮ್ಮೆ ತಮಗೆ ತಾವೇ ಕೇಳಿಕೊಳ್ಳಬೇಕು.

ಇಸ್ಲಾಮಿನಲ್ಲಿ ಲೇಖನಿಗಿರುವ ಸ್ಥಾನ ನಿಮಗೆ ತಿಳಿದದ್ದೇ. ಪ್ರವಾದಿವರ್ಯರ(ಸ) ಮೇಲೆ ಪ್ರಥಮವಾಗಿ ಅವತೀರ್ಣಗೊಂಡ ಸೂಕ್ತಗಳಲ್ಲೇ ಅದರ ಪ್ರಸ್ತಾಪವಿದೆ. ಪವಿತ್ರ ಕುರ್‌ಆನಿನ 68ನೆಯ ಅಧ್ಯಾಯದ ಹೆಸರೇ 'ಅಲ್ ಕಲಮ್'. ಕ್ರಿ.ಶ. 624ರ ಬದ್ರ್ ಯುದ್ಧದ ಬಳಿಕ, ಹಣ ಕೊಡಲಾಗದ ಆದರೆ ಬರಹ ಬಲ್ಲ ಸೆರೆಯಾಳುಗಳು ಮದೀನಾದ ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಪಡೆದರೆಂದು ಚರಿತ್ರೆಕಾರರು ಬರೆದಿದ್ದಾರೆ.

ಕನ್ನಡದಲ್ಲಿ 'ತಿದ್ದು' ಎಂಬ ಅರ್ಥವತ್ತಾದ ಮಾತಿದೆ. ಗುರುಗಳು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸುವುದೂ ತಿದ್ದುವುದೇ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ತಪ್ಪಿಗೆ ಎಡೆಯಿಲ್ಲದ ಕಡೆ ತಿದ್ದುವುದಕ್ಕೂ ಎಡೆಯಿಲ್ಲ.

ಹಿಂದಿನ ಉಸ್ತಾದರು ಇದನ್ನು ಅರಿತಿದ್ದರು. ಉತ್ತರ ಭಾರತದ ಮಕ್ತಬ್‌ಗಳಲ್ಲಿ ಮಕ್ಕಳು ಮರದ ತಖ್ತಿಗೆ ಮಣ್ಣು ಬಳಿದು ಒಣಗಿಸಿ, ಜೊಂಡಿನ ಲೇಖನಿಯಿಂದ ಬರೆಯುತ್ತಿದ್ದರು. ಬರೆದುದನ್ನು ತೊಳೆದು ಮತ್ತೆ ಬರೆಯುತ್ತಿದ್ದರು. ತಪ್ಪು ನೀರಿನೊಂದಿಗೆ ಹೋಗುತ್ತಿತ್ತು. ಕೈಗೆ ಬಂದ ಹದ ಉಳಿಯುತ್ತಿತ್ತು. ಬಗ್ದಾದಿನ ಇಬ್ನ್ ಮುಕ್ಲ (ಮರಣ ಕ್ರಿ.ಶ. 940) ಅಕ್ಷರಗಳಿಗೆ ಅಳತೆಯ ನಿಯಮ ಹಾಕಿಕೊಟ್ಟವರೆಂದು ಪ್ರಸಿದ್ಧರು. ಆ ಪದ್ಧತಿಯಲ್ಲಿ ಲೇಖನಿಯ ತುದಿ ಮೂಡಿಸುವ ಚುಕ್ಕೆಯೇ ಅಳತೆಗೋಲು; ಅಲಿಫ್‌ನ ಎತ್ತರವನ್ನೂ ಅದರಿಂದಲೇ ಅಳೆಯುತ್ತಾರೆ. ಪ್ರತಿಯೊಬ್ಬನ ಅಳತೆ ಅವನ ಲೇಖನಿಯಲ್ಲೇ ಇದೆ, ಪಕ್ಕದವನ ಹಾಳೆಯಲ್ಲಿಲ್ಲ. ನೆರೆಮನೆಯ ಮಗುವಿನೊಡನೆ ನಿಮ್ಮ ಮಗುವನ್ನು ಹೋಲಿಸುವ ಮುನ್ನ ಇದನ್ನು ನೆನೆಯಿರಿ.

ತುರ್ಕಿಯ ಉಸ್ಮಾನಿಯಾ ಕಾಲದ ಸಂಪ್ರದಾಯದಲ್ಲಿ ಉಸ್ತಾದರಿಂದ ಇಜಾಝತ್ ದೊರೆಯುವ ತನಕ ಶಿಷ್ಯನು ತನ್ನ ಬರಹದ ಕೆಳಗೆ ಹೆಸರು ಹಾಕುವಂತಿರಲಿಲ್ಲ. ಏಕೆಂದರೆ ಹೆಸರು ಅಲಂಕಾರವಲ್ಲ, ಸಾಕ್ಷ್ಯ. ನಮ್ಮಲ್ಲಿಯೋ? ಸ್ಪರ್ಧೆಯ ದಿನ ಹತ್ತಿರವಾದಂತೆ ಮಗುವಿನ ವಕ್ರ ಗೆರೆಯನ್ನು ತಂದೆಯೇ ನೇರಗೊಳಿಸುತ್ತಾನೆ, ತಾಯಿಯೇ ಬಣ್ಣ ತುಂಬುತ್ತಾಳೆ, ಕೆಳಗೆ ಮಗುವಿನ ಹೆಸರು! ಬಹುಮಾನ ಬರಬಹುದು. ಆದರೆ ತಾನು ಮಾಡದ ಕೆಲಸಕ್ಕೆ ತನ್ನ ಹೆಸರು ಹಾಕಬಹುದೆಂಬ ಪಾಠವೂ ಮನೆಯಿಂದಲೇ ದೊರೆಯಿತಲ್ಲವೇ? ಸಾಲದ ಪತ್ರ ಬರೆಯುವವನು ನ್ಯಾಯದಿಂದ ಬರೆಯಬೇಕೆಂದು 'ಅಲ್ ಬಕರ' ಅಧ್ಯಾಯ ಆಜ್ಞಾಪಿಸುತ್ತದೆ. ಆ ನ್ಯಾಯನಿಷ್ಠೆ ದೊಡ್ಡವನಾದ ಮೇಲೆ ತಾನಾಗಿ ಬರುವುದೇ?

"ಪವಿತ್ರ ವಚನದ ಮೇಲೆ ಮಗು ಶಾಯಿ ಚೆಲ್ಲಿದರೆ ಗದರಿಸಬಾರದೇ?" ಎಂದು ಕೇಳುವವರಿದ್ದಾರೆ. ಪವಿತ್ರ ವಚನದ ಮೇಲಿನ ಗೌರವ ಸರಿಯಾದುದೇ. ಆದುದರಿಂದಲೇ ಅದರಿಂದ ಆರಂಭಿಸಬೇಡಿ. ಐದಾರು ವರ್ಷದ ಮಗುವಿಗೆ ಸ್ಲೇಟಿನ ಮೇಲೆ ಕುಂಚ ಮತ್ತು ನೀರು ಸಾಕು. ಬರೆದುದು ತಾನೇ ಆರಿಹೋಗುತ್ತದೆ. ಕುಂಚ ನಮಗೆ ಅನ್ಯವೇನಲ್ಲ; ಚೀನಾದ ಮುಸ್ಲಿಮರು ಅದರಿಂದ ಅರಬಿ ಬರೆಯುವ ತಮ್ಮದೇ ಶೈಲಿಯನ್ನು ಬೆಳೆಸಿದ್ದಾರೆ. ಆಮೇಲೆ ಎರಡು ಪೆನ್ಸಿಲುಗಳನ್ನು ಜೋಡಿಸಿ ಕಟ್ಟಿಕೊಡಿ; ಅಗಲ ತುದಿಯ ಲೇಖನಿ ಗೆರೆಯನ್ನು ಹೇಗೆ ದಪ್ಪ-ತೆಳು ಮಾಡುತ್ತದೆಂದು ಕೈಗೆ ತಿಳಿಯುತ್ತದೆ. ಮೊದಲು ಚುಕ್ಕೆ, ಬಳಿಕ ಅಲಿಫ್, ಜೊತೆಗೆ ಕನ್ನಡದ 'ಅ'ಕಾರ. ಅಲ್ಲಾಹನ ನಾಮವನ್ನು ಕೈ ಹದಗೊಂಡ ಮೇಲೆ, ವುಝೂ ಮಾಡಿಸಿ, ಶುಭ್ರ ಹಾಳೆಯಲ್ಲಿ ಬರೆಯಿಸಿ.

ಬಳಿಕ ಆ ಹಾಳೆ ವಕ್ರವಾಗಿದ್ದರೂ ಗೋಡೆಗೆ ಅದನ್ನೇ ಹಾಕಿರಿ. ನಮ್ಮ ಕರ್ಮಗಳನ್ನು ಬರೆದಿಡುವ ಗೌರವಾನ್ವಿತ ಲೇಖಕರಿದ್ದಾರೆಂದು ಕುರ್‌ಆನ್ ನೆನಪಿಸುತ್ತದೆ. ಅವರು ಬರೆಯುವುದು ಗೆರೆಯ ಅಂದವನ್ನಲ್ಲ, ಅದನ್ನು ಎಳೆದ ಕೈ ಯಾರದೆಂಬುದನ್ನು. ಮಕ್ಕಳ ಕೈಯನ್ನು ಸತ್ಯದಲ್ಲಿ ಪಳಗಿಸುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.