ಎರಡು ಮಾರು ದೂರ

ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ಆಕಾಶ ಕಾಣುವುದಿಲ್ಲ. ಅಹಮದಾಬಾದಿನ ಉತ್ತರದಂಚಿನ ಚಾಂದ್‌ಖೇಡಾದಲ್ಲಿ ಈಗ ಇಂಥ ನೆಲಮಾಳಿಗೆಗಳು ಬೇಕಾದಷ್ಟಿವೆ. ಒಂದು ಕಾಲಕ್ಕೆ ಇದು ಹಳ್ಳಿ. ಆಮೇಲೆ ಓಎನ್‌ಜಿಸಿಯ ವಸತಿ ಬಂತು, ವಿಶ್ವಕರ್ಮ ಎಂಜಿನಿಯರಿಂಗ್ ಕಾಲೇಜು ಬಂತು, ತಾಂತ್ರಿಕ ವಿಶ್ವವಿದ್ಯಾಲಯ ಬಂತು. ಅವುಗಳ ಸುತ್ತ ಎತ್ತರೆತ್ತರದ ಸೊಸೈಟಿಗಳು ಎದ್ದವು. ಅಲ್ಲಿ ಬೆಳಗಿನ ಹೊತ್ತು ಯಾರೋ ಒಬ್ಬರು ತಮ್ಮ ಬೆಲೆಬಾಳುವ ವಿದ್ಯುತ್ ಕಾರಿನ ಮುಂದೆ ಫೋನು ಹಿಡಿದು ನಿಂತಿರುತ್ತಾರೆ. ಪರದೆಯ ಮೇಲೆ ಒಂದು ಸಣ್ಣ ವೃತ್ತ ಸುತ್ತುತ್ತಿರುತ್ತದೆ. ಕಾರು ಇರುವುದು ಎರಡು ಮಾರು ದೂರದಲ್ಲಿ. ಬಾಗಿಲು ಮಾತ್ರ ತೆರೆಯುವುದಿಲ್ಲ. ‘ಸಾಹೇಬ್, ಉಪರ್ ಜಾಓ, ನೆಟ್‌ವರ್ಕ್ ಮಳಶೆ’ ಎನ್ನುತ್ತಾನೆ ಕಾವಲುಗಾರ. ಮೇಲೆ ಹೋದರೆ ನೆಟ್‌ವರ್ಕ್ ಸಿಗುವುದು ನಿಜ. ಆದರೆ ಸಿಗುವುದು ಫೋನಿಗೆ. ಕೆಳಗೇ ಉಳಿದ ಕಾರಿಗಲ್ಲ.

ಒಂದು ಆಣತಿ ಸಾಗುವ ಹಾದಿಯನ್ನು ಸಾವಧಾನವಾಗಿ ನೋಡಬೇಕು. ಬೆರಳು ಒತ್ತಿದೊಡನೆ ಅದು ಹತ್ತಿರದ ಟವರಿಗೆ ಹೋಗುತ್ತದೆ. ಅಲ್ಲಿಂದ ಕಾರು ತಯಾರಿಸಿದವರ ಸರ್ವರಿಗೆ. ಆ ಸರ್ವರು ಬೇರೆ ರಾಜ್ಯದಲ್ಲಿರಬಹುದು, ಬೇರೆ ಖಂಡದಲ್ಲೂ ಇರಬಹುದು. ಕೇಳುತ್ತಿರುವವರು ಯಾರು, ಕಾರು ಯಾರದು ಎಂಬ ವಿಚಾರಣೆ ಅಲ್ಲಿ ನಡೆಯುತ್ತದೆ. ಒಪ್ಪಿಗೆಯಾದರೆ ಆಣತಿ ಅಷ್ಟೇ ದೂರ ಮರಳಿ ಬಂದು ಕಾರಿನೊಳಗಿನ ಸಿಮ್ಮನ್ನು ಹುಡುಕುತ್ತದೆ. ಯಂತ್ರಗಳು ಯಂತ್ರಗಳೊಡನೆ ಮಾತನಾಡುವ ಇಂಥ ಸಿಮ್ಮುಗಳಿಗೆ ನಮ್ಮ ದೇಶದಲ್ಲಿ 2018ರಿಂದ 13 ಅಂಕಿಗಳ ಸಂಖ್ಯೆಯಿದೆ. ಆ ಸಂಖ್ಯೆಗೆ ಮನುಷ್ಯರಾರೂ ಕರೆ ಮಾಡುವುದಿಲ್ಲ. ಉಕ್ಕು ಹೆಣೆದ ಕಾಂಕ್ರೀಟು ರೇಡಿಯೋ ತರಂಗಗಳನ್ನು ಕುಗ್ಗಿಸುತ್ತದೆ. ಸಪ್ತಸಮುದ್ರ ದಾಟಿ ಬಂದ ಅನುಮತಿ ಕೊನೆಯ ಗೋಡೆಯ ಬಳಿ ಸೋಲುತ್ತದೆ. ಬ್ಲೂಟೂತ್ ಮೂಲಕ ಕಾರನ್ನು ನೇರವಾಗಿ ಮಾತನಾಡಿಸುವ ಉಪಾಯವೂ ಉಂಟು. ಅದಕ್ಕೆ ಅದರದೇ ಮುನಿಸುಗಳಿವೆ. ಮುಕ್ತಿಯಲ್ಲಿ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯವೆಂದು ನಾಲ್ಕು ಬಗೆ ಹೇಳುತ್ತಾರೆ. ನೆಲಮಾಳಿಗೆಯ ಯಜಮಾನರಿಗೆ ಮೊದಲೆರಡು, ಅಂದರೆ ಒಂದೇ ಲೋಕದ ವಾಸವೂ ಹತ್ತಿರವಿರುವುದೂ, ದೊರೆತಿವೆ; ಬಾಗಿಲು ಮಾತ್ರ ತೆರೆದಿಲ್ಲ. ಚಾಂದ್‌ಖೇಡಾದಿಂದ ತುಸು ಉತ್ತರಕ್ಕೆ, ಅಡಾಲಜ್‌ನಲ್ಲಿ, 15ನೆಯ ಶತಮಾನದ ಕೊನೆಯಲ್ಲಿ ರಾಣಿ ರೂಡಾಬಾಯಿ ಪೂರ್ಣಗೊಳಿಸಿದ ಮೆಟ್ಟಿಲುಬಾವಿಯಿದೆ. ನೀರಿಗಾಗಿ ಜನ ಐದು ಅಂತಸ್ತು ಇಳಿಯುತ್ತಿದ್ದರು. ಶ್ರಮ ದೊಡ್ಡದು, ಆದರೆ ಬಳಿಗೆ ಹೋದವರಿಗೆ ನೀರು ಸಿಗುತ್ತಿತ್ತು. ಬಳಿಯಲ್ಲಿರುವುದೇ ಸಾಲದು ಎಂಬ ಅವಸ್ಥೆ ನಮಗೆ ಹೊಸದು.

ಚಕ್ರ ಪಂಕ್ಚರ್ ಆದರೂ ನಮಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಬೇಗ ಇಳಿಯುತ್ತದೆ, ಏಕೆಂದರೆ ಮೊಳೆ ಕಣ್ಣಿಗೆ ಬೀಳುತ್ತದೆ. ಅದನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದರೆ ಮನಸ್ಸಿಗೆ ಒಂದು ಸಮಾಧಾನ. ತಂತ್ರಾಂಶದ ದೋಷದಲ್ಲಿ ಮೊಳೆಯಿಲ್ಲ. ನಿನ್ನೆ ಸಂಜೆ ಸರಿಯಿದ್ದ ಪರದೆ ಇಂದು ಕಪ್ಪಾಗಿದೆ. ನಾಳೆ ತಾನೇ ಬೆಳಗಬಹುದು. ಹಿಂದಿನ ಕ್ಯಾಮೆರಾ ಒಮ್ಮೆ ಕಾಣಿಸುತ್ತದೆ, ಒಮ್ಮೆ ಮರೆಯಾಗುತ್ತದೆ. ನಕ್ಷೆಯಲ್ಲಿ ನಮ್ಮ ಕಾರು ನದಿಯ ನಡುವೆ ನಿಂತಿದೆ. ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿ ಎಲ್ಲವೂ ಸುಸೂತ್ರ. ‘ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಸರ್’ ಎಂಬ ಉತ್ತರ ಎಲ್ಲ ಊರುಗಳಲ್ಲೂ ಒಂದೇ. ದುಃಖಕ್ಕೆ ಕಾರಣ ಕಂಡರೆ ಅರ್ಧ ಶಮನ. ಕಾರಣ ಕಾಣದಿದ್ದರೆ ನಾವು ಅದನ್ನು ಎಲ್ಲಿ ಬೇಕಾದರೂ ಆರೋಪಿಸುತ್ತೇವೆ: ಫೋನಿನ ಮೇಲೆ, ಮಾರಿದವನ ಮೇಲೆ, ಕೆಲವೊಮ್ಮೆ ಪಕ್ಕದ ಸೀಟಿನಲ್ಲಿ ಕುಳಿತವರ ಮೇಲೆ. ವಡೋದರಾ, ಸೂರತ್ ಕಡೆ ಹೊರಟರೆ ದಾರಿಯ ಚಾರ್ಜಿಂಗ್ ಕಂಪನಿಗೊಂದು ಆಪ್, ಆಪ್‌ಗೊಂದು ಪಾಸ್‌ವರ್ಡ್, ಪಾಸ್‌ವರ್ಡ್ ಮರೆತರೆ ಓಟಿಪಿ. ಚಾರ್ಜಿಂಗ್ ಗನ್ ಕೈಯಲ್ಲಿದೆ, ಓಟಿಪಿ ಇನ್ನೂ ಬಂದಿಲ್ಲ. ಆ ಕ್ಷಣದಲ್ಲಿ ಮನೆಯವರು ಏನು ಕೇಳಿದರೂ ನಾವು ಸೌಮ್ಯವಾಗಿ ಉತ್ತರಿಸುವುದಿಲ್ಲ.

ತಯಾರಕರ ಸ್ಥಿತಿಯೂ ಇದಕ್ಕಿಂತ ಸುಖಕರವಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹ 2020ರಲ್ಲಿ ತಂತ್ರಾಂಶಕ್ಕೆಂದೇ ಒಂದು ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿತು. ಆ ತಂತ್ರಾಂಶ ಹೊತ್ತಿಗೆ ಸಿದ್ಧವಾಗಲಿಲ್ಲ. ಅದೇ ಸಮೂಹದ ಪೋರ್ಷೆಯ ವಿದ್ಯುತ್ ಕಾರು ಮಕಾನ್ ಅದಕ್ಕಾಗಿ ಕಾದು, 2024ರಲ್ಲಿ ಬೆಳಕು ಕಂಡಿತು. ನಮ್ಮ ಹೊಸಕೋಟೆಯಲ್ಲಿ ಕಾರು ಜೋಡಿಸುವ ವೋಲ್ವೋ ಕಂಪನಿಯೂ ತನ್ನ ಇಎಕ್ಸ್90 ಕಾರನ್ನು ಇದೇ ಕಾರಣಕ್ಕೆ ಮುಂದೂಡಿತು. ಮಾರಿದ ಮೇಲೂ ದೋಷ ತೀರದೆ, ಮೊದಲು ಕೊಂಡವರ ಕಾರುಗಳಿಗೆ ಹೊಸ ಗಣಕವನ್ನೇ ಉಚಿತವಾಗಿ ಹಾಕಿಕೊಡುವುದಾಗಿ 2025ರಲ್ಲಿ ಹೇಳಿತು. ಉಕ್ಕು ಸಿದ್ಧ, ಚರ್ಮ ಸಿದ್ಧ, ಬಣ್ಣ ಸಿದ್ಧ, ವಾಕ್ಯಗಳು ಸಿದ್ಧವಿಲ್ಲ. ನೂರು ವರ್ಷ ಲೋಹ ಬಡಿದು ಪಳಗಿದ ಕೈಗಳಿಗೆ ಅಕ್ಷರ ಒಲಿಯಲು ಸಮಯ ಹಿಡಿಯುತ್ತದೆ. ಬರೆಯುವವರಿಗೆ ಈ ಕಷ್ಟ ಹೊಸತಲ್ಲ.

ಆದರೂ ನಮ್ಮನ್ನು ನೋಯಿಸುವುದು ದೋಷವೊಂದೇ ಅಲ್ಲ ಎನಿಸುತ್ತದೆ. ಕಾರು ನಮಗೊಂದು ಮಾತು ಕೊಟ್ಟಿತ್ತು: ನಿಮ್ಮನ್ನು ಗುರುತಿಸುತ್ತೇನೆ ಎಂದು. ಹತ್ತಿರ ಬಂದರೆ ದೀಪ ಬೆಳಗುತ್ತದೆ, ಬಾಗಿಲ ಹಿಡಿಕೆ ಹೊರಚಾಚುತ್ತದೆ, ಆಸನ ನಮ್ಮ ಬೆನ್ನಿಗೆ ತಕ್ಕಂತೆ ಸರಿಯುತ್ತದೆ, ಪರದೆ ಹೆಸರು ಹಿಡಿದು ಸ್ವಾಗತಿಸುತ್ತದೆ. ಹಣ ಕೊಟ್ಟು ಕೊಂಡ ಗೌರವವಾದರೂ ಗೌರವವೇ. ಅದು ತಪ್ಪಿದ ದಿನ ನಾವು ನಮ್ಮದೇ ಹೊಸ್ತಿಲಲ್ಲಿ ಅಪರಿಚಿತರಾಗುತ್ತೇವೆ. 2021ರ ನವೆಂಬರ್ 19ರಂದು ಟೆಸ್ಲಾ ಕಂಪನಿಯ ಸರ್ವರು ಕೆಲಕಾಲ ಮೌನವಾಯಿತು. ಹಲವು ದೇಶಗಳಲ್ಲಿ ಜನ ತಮ್ಮ ಕಾರಿನ ಎದುರೇ ನಿಂತು ಆಪ್ ಒತ್ತುತ್ತ ಉಳಿದರು. ಜೇಬಿನಲ್ಲಿ ಕೀ ಕಾರ್ಡ್ ಇದ್ದವರು ಹೊರಟುಹೋದರು. ಫೋನೊಂದನ್ನೇ ನಂಬಿದವರು ಕಾದರು. ಜಾಲದ ಮೇಲೆ ಯಂತ್ರಗಳ ಮಾತುಕತೆ ಅಕಸ್ಮಾತ್ತಾಗಿ ಅತಿಯಾಗಿರಬಹುದೆಂದು ಕಂಪನಿಯ ಮುಖ್ಯಸ್ಥರು ಕಾರಣ ಕೊಟ್ಟರು.

ಕಾಳಿದಾಸನ ಶಕುಂತಲೆ ಅರಸನ ಮುಂದೆ ಸಾಕ್ಷಾತ್ತಾಗಿ ನಿಂತಿದ್ದಳು. ದುಷ್ಯಂತ ಅವಳನ್ನು ಗುರುತಿಸಲಿಲ್ಲ. ಅವಳ ಮುಖ, ಅವಳ ದನಿ, ಅವಳ ಮಾತು ಯಾವುದೂ ಪ್ರಮಾಣವಾಗಲಿಲ್ಲ. ಪ್ರಮಾಣವಾಗಬೇಕಿದ್ದ ಉಂಗುರ ತೀರ್ಥದಲ್ಲಿ ಜಾರಿ ಮೀನಿನ ಹೊಟ್ಟೆ ಸೇರಿತ್ತು. ನಾವು ಆ ಅಂಕವನ್ನು ನೋಡುವಾಗ ಅರಸನ ಮರೆವನ್ನು ಹಳಿಯುತ್ತೇವೆ. ಆ ಮರೆವನ್ನು ತಂದ ಶಾಪದ ಮೂಲ ಮಾತ್ರ ಬೇರೆಡೆಯಿದೆ. ದುರ್ವಾಸರು ಆಶ್ರಮದ ಬಾಗಿಲಿಗೆ ಬಂದಾಗ ಶಕುಂತಲೆ ದೂರದವನೊಬ್ಬನ ಧ್ಯಾನದಲ್ಲಿ ಮುಳುಗಿದ್ದಳು. ಹತ್ತಿರ ಬಂದ ಅತಿಥಿಯ ಕರೆ ಅವಳಿಗೆ ಕೇಳಿಸಲಿಲ್ಲ. ಇದು ಅಪರಾಧವೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಪ್ರೀತಿಸಿದ ಯಾರಿಗೂ ಆಗುವಂಥದು. ನಮಗೂ ದಿನವೂ ಆಗುತ್ತದೆ. ಫೋನಿನಲ್ಲಿ ದೂರದವರೊಡನೆ ಮಗ್ನರಾಗಿ, ಎದುರು ನಿಂತವರು ಎರಡು ಸಲ ಕರೆದ ಮೇಲೆ ತಲೆ ಎತ್ತುತ್ತೇವೆ. ಕಾರು ನಮಗೆ ಮಾಡುವುದನ್ನೇ ನಾವೂ ಮಾಡುತ್ತಿರುತ್ತೇವೆ. ವೃತ್ತ ಸುತ್ತುವುದಷ್ಟೇ ನಮ್ಮ ಮುಖದ ಮೇಲೆ ಕಾಣುವುದಿಲ್ಲ.

ಗುರುತಿಗೆ ನೆನಪು ಬೇಕು. ನೆನಪಿಗೂ ಮಿತಿ ಬೇಕು. ಇದಕ್ಕೆ ಟೆಸ್ಲಾದ್ದೇ ಇನ್ನೊಂದು ವೃತ್ತಾಂತವಿದೆ, ನನಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಪ್ರಿಯವಾದದ್ದು. ಆ ಕಂಪನಿಯ ಹಳೆಯ ದುಬಾರಿ ಕಾರುಗಳ ದೊಡ್ಡ ಪರದೆಯ ಹಿಂದೆ 8 ಜಿಬಿಯ ಒಂದು ಪುಟ್ಟ ಸ್ಮೃತಿಫಲಕವಿತ್ತು. ಇಂಥ ಫಲಕಗಳಲ್ಲಿ ಒಂದೊಂದು ಕೋಶವನ್ನೂ ಅಳಿಸಿ ಬರೆಯುವುದಕ್ಕೆ ಸಂಖ್ಯಾಮಿತಿಯಿದೆ. ಕೆಲವು ಸಾವಿರ ಸಲದ ಮೇಲೆ ಅದು ಸವೆಯುತ್ತದೆ. ಕಾರು ತನ್ನ ಪ್ರತಿಕ್ಷಣದ ದಿನಚರಿಯನ್ನು ಅದರೊಳಗೆ ಬರೆದುಕೊಳ್ಳುತ್ತಲೇ ಇತ್ತು. ಯಾರೂ ಓದದ ದಿನಚರಿ. ಬರೆದು ಬರೆದು ಫಲಕ ಸವೆಯಿತು, ಪರದೆ ಕಪ್ಪಾಯಿತು, ಹಿಂದಿನ ದಾರಿ ತೋರುವ ಕ್ಯಾಮೆರಾ ಕುರುಡಾಯಿತು. 2021ರ ಆರಂಭದಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಇದಕ್ಕಾಗಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಪರಿಹಾರ ಎರಡು ತೆರನಾದುದು: ದೊಡ್ಡ ಫಲಕ ಹಾಕಿದರು, ದಿನಚರಿ ಬರೆಯುವುದನ್ನೂ ಕಡಿಮೆ ಮಾಡಿಸಿದರು. ಗುಜರಾತಿನ ಜೈನರು ಪರ್ಯುಷಣದ ಕೊನೆಯ ದಿನ ಮನೆಮನೆಗೆ ಹೋಗಿ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ. ವರ್ಷದ ಲೆಕ್ಕ ಅಲ್ಲಿಗೆ ಅಳಿಯಬೇಕೆಂಬುದು ಆಶಯ. ಹಳೆಯ ಕಹಿಯನ್ನು ನಿತ್ಯವೂ ಪುನಃ ಬರೆದುಕೊಳ್ಳುವ ನಮಗೆ ಎಂಜಿನಿಯರುಗಳ ಆ ಎರಡನೆಯ ಪರಿಹಾರ ಅಪರಿಚಿತವಲ್ಲ, ಕಷ್ಟಸಾಧ್ಯ, ಅಷ್ಟೆ.

ಒಡೆತನದ ಮಾತಿಗೆ ಬಂದರೆ, ಸಾಬರಮತಿ ಆಶ್ರಮ ಇಲ್ಲಿಂದ ದೂರವಿಲ್ಲ. ಅಲ್ಲಿನ ವಿಚಾರಗಳನ್ನು ತಂದು ಈ ಕಾರಿನ ಮೇಲೆ ಹೊರಿಸುವುದು ಸುಲಭ. ಸುಲಭವಾದ್ದರಿಂದಲೇ ಬೇಡ. ಒಳ್ಳೆಯ ಕಾರಿನ ಆಸೆಯಲ್ಲಿ ಲಜ್ಜೆಪಡುವಂಥದು ಏನೂ ಇಲ್ಲ. ಆದರೆ ಅಮೆರಿಕದ ಫಿಸ್ಕರ್ ಕಂಪನಿಯ ಕಥೆಯನ್ನು ಒಮ್ಮೆ ನೆನೆಯಬೇಕು. ಅದು 2024ರ ಜೂನ್‌ನಲ್ಲಿ ದಿವಾಳಿಯಾಯಿತು. ಓಷನ್ ಎಂಬ ಅದರ ಕಾರನ್ನು ಕೊಂಡ ಸಾವಿರಾರು ಜನರ ಮನೆಯ ಮುಂದೆ ಕಾರು ಹಾಗೆಯೇ ಇತ್ತು. ಅದರ ಹಿಂದಿನ ಸರ್ವರು, ತಂತ್ರಾಂಶ, ಸೇವೆ ಇವುಗಳ ಹೊಣೆ ಯಾರದೆಂಬುದು ಅನಿಶ್ಚಿತವಾಯಿತು. ಪೂರ್ತಿ ಹಣ ತೆತ್ತವರಿಗೂ ಕಾರಿನ ಒಂದಂಶ ಎಂದೂ ಕೈಸೇರಿರಲಿಲ್ಲವೆಂಬುದು ಆಗ ತಿಳಿಯಿತು. ಅವರು ತಮ್ಮತಮ್ಮಲ್ಲೇ ಸಂಘ ಕಟ್ಟಿಕೊಂಡು ಪರಸ್ಪರ ನೆರವಾದರು. ಹಳೆಯ ಪೆಟ್ರೋಲ್ ಕಾರು ಪೂರ್ತಿ ನಮ್ಮದಾಗಿತ್ತೆಂದು ಈಗ ಅನಿಸುವುದೂ ಒಂದು ಭ್ರಮೆಯೇ. ಅಂಕಲೇಶ್ವರದಲ್ಲಿ 1960ರಲ್ಲಿ ತೈಲ ದೊರೆತ ಮೇಲೆ ಗುಜರಾತಿನ ಎಷ್ಟೋ ಬಯಲುಗಳಲ್ಲಿ ಬಾವಿಗಳು ಕೊರೆಯಲ್ಪಟ್ಟವು. ಚಾಂದ್‌ಖೇಡಾದ ಎಷ್ಟೋ ಮನೆಗಳ ಅನ್ನ ಆ ತೈಲದಿಂದಲೇ ಬಂದದ್ದು; ಅಷ್ಟಾದರೂ ದೇಶಕ್ಕೆ ಬೇಕಾದ ತೈಲದ ಬಹುಪಾಲು ಸಮುದ್ರದಾಚೆಯಿಂದಲೇ ಬರುತ್ತಿತ್ತು. ಪರಾಧೀನತೆ ಆಗಲೂ ಇತ್ತು. ಅದು ಬಂಕಿನಲ್ಲಿ ತುಂಬಿಸಿಕೊಂಡು ಮರೆಯಬಹುದಾದಂಥದು. ಇದು ಪ್ರತಿ ಬೆಳಿಗ್ಗೆ ಪರದೆಯ ಮೇಲೆ ಕಾಣಿಸುವಂಥದು. ಎಲ್ಲ ವಿದ್ಯುತ್ ಕಾರುಗಳೂ ಹೀಗಿರಲಿಲ್ಲ. 2001ರಲ್ಲಿ ಬೆಂಗಳೂರು ತಯಾರಿಸಿದ ರೇವಾ ಒಂದು ಚಾರ್ಜಿಗೆ 80 ಕಿಲೋಮೀಟರ್ ಹೋಗುವ ಪುಟ್ಟ ವಿದ್ಯುತ್ ಕಾರು. ಅದು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅದರಿಂದ ಯಾರೂ ಅವಮಾನಿತರಾದದ್ದಿಲ್ಲ. ಅದನ್ನು ಕೊಳ್ಳಲು ಸಾಲುಗಟ್ಟಿ ನಿಂತದ್ದೂ ಇಲ್ಲ. ಗುರುತಿಸಲ್ಪಡುವ ಬಯಕೆಯೇ ನಮ್ಮನ್ನು ಅಂಗಡಿಗೆ ಕರೆದೊಯ್ಯುತ್ತದೆ.

ಈಗಿನ ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಎರಡು. ತಳದಲ್ಲಿ ಹಾಸಿದ ದೊಡ್ಡದು ನೂರಾರು ವೋಲ್ಟಿನದು, ನೂರಾರು ಕಿಲೋ ತೂಕದ್ದು. ಕಾರನ್ನು ಓಡಿಸುವುದು ಅದೇ. ಮತ್ತೊಂದು 12 ವೋಲ್ಟಿನ ಸಣ್ಣ ಬ್ಯಾಟರಿ, ನಾವು ಬಹುಕಾಲದಿಂದ ಬಲ್ಲ ಸಾಮಾನ್ಯ ವಸ್ತು. ಬಾಗಿಲಿನ ಬೀಗ, ದೀಪ, ಗಣಕ, ಜಾಲದ ಸಂಪರ್ಕ ಇವೆಲ್ಲ ಅದರ ಪಾಲಿನ ಕೆಲಸ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚನ್ನು ಒತ್ತಿಹಿಡಿಯುವುದೂ ಸಣ್ಣದೇ. ಕಾರು ನಿಂತಾಗಲೂ ಒಳಗಿನ ಗಣಕಗಳಲ್ಲಿ ಯಾವುದಾದರೊಂದು ನಿದ್ರಿಸದೆ ಎಚ್ಚರವಾಗಿಯೇ ಉಳಿದರೆ, ಸಿಗದ ಸಿಗ್ನಲಿಗಾಗಿ ತಡಕಾಡುತ್ತಲೇ ಇದ್ದರೆ, ಸಣ್ಣ ಬ್ಯಾಟರಿ ಬರಿದಾಗುತ್ತದೆ. ಆಗ ತಳದಲ್ಲಿ ನಾನೂರು ಕಿಲೋಮೀಟರಿಗೆ ಸಾಲುವಷ್ಟು ಶಕ್ತಿ ತುಂಬಿದ್ದರೂ ಒಂದು ಬಾಗಿಲು ತೆರೆಯುವುದಿಲ್ಲ. ಶಕ್ತಿಯಿದೆ, ಶಕ್ತಿಯನ್ನು ಎಬ್ಬಿಸುವ ಚೂರು ಚೇತನ ಇಲ್ಲ. ನಿರಂತರ ಸಂಪರ್ಕದ ಆತುರದಲ್ಲಿ ನಿದ್ರೆಗೆಟ್ಟವರಿಗೆ ಈ ದಣಿವನ್ನು ವಿವರಿಸಬೇಕಾಗಿಲ್ಲ.

ಉಪಾಯವಿದೆ, ಬಹಳ ಹಳೆಯದು. ಹಲವು ಕಾರುಗಳ ಎಲೆಕ್ಟ್ರಾನಿಕ್ ಕೀಯೊಳಗೆ ಲೋಹದ ಒಂದು ತೆಳು ಕೀಲಿಯನ್ನು ಅಡಗಿಸಿಟ್ಟಿರುತ್ತಾರೆ; ಚಾಲಕನ ಬಾಗಿಲನ್ನು ಅದರಿಂದ ತಿರುವಿ ತೆರೆಯಬಹುದು. ಆಮೇಲೆ ಬಾನೆಟ್ ಎತ್ತಿ, ಪಕ್ಕದಲ್ಲಿ ನಿಂತ ಯಾವುದೋ ಹಳೆಯ ಪೆಟ್ರೋಲ್ ಕಾರಿನ ಬ್ಯಾಟರಿಯಿಂದ ಜಂಪರ್ ಕೇಬಲ್ ಎಳೆದರೆ ಕೋಟಿ ರೂಪಾಯಿಯ ಕಾರು ಕಣ್ಣು ಬಿಡುತ್ತದೆ. ಅನೇಕ ಕಂಪನಿಗಳ ಕೈಪಿಡಿಯಲ್ಲಿ ಈ ಕ್ರಮದ ಜೊತೆಗೇ ಒಂದು ಎಚ್ಚರಿಕೆಯನ್ನೂ ಮುದ್ರಿಸಿರುತ್ತಾರೆ: ಈ ಕಾರಿಗೆ ಬೇರೆ ಕಾರಿನಿಂದ ನೆರವು ಪಡೆಯಬಹುದು, ಈ ಕಾರಿನಿಂದ ಬೇರೆ ಕಾರಿಗೆ ನೆರವು ಕೊಡಕೂಡದು. ಅದರ ಸೂಕ್ಷ್ಮ ಅಂಗಗಳು ಆ ಹಠಾತ್ ಭಾರವನ್ನು ತಾಳಲಾರವು. ಸೊಸೈಟಿಯಲ್ಲಿ ಇದು ಬಹುಜನರಿಗೆ ಗೊತ್ತು. ಆದರೂ ಹಳೆಯ ಕಾರಿನ ಯಜಮಾನರು ‘ಚಿಂತಾ ನ ಕರೋ, ಭಾಈ’ ಎನ್ನುತ್ತ ಕೇಬಲ್ ತರಲು ಮನೆಗೆ ಹೋಗುತ್ತಾರೆ.