ಗುಂಪಿನಿಂದ ಆಚೆಗೆ

(ಧ್ಯಾನಪಾಠ: ಮಾರ್ಕನ ಸುವಾರ್ತೆ 7ನೆಯ ಅಧ್ಯಾಯ, 31ರಿಂದ 37ರ ವರೆಗೆ)



ದೆಕಪೊಲಿಯ ಸೀಮೆಯಲ್ಲಿ ಕಿವುಡನೂ ತೊದಲುವವನೂ ಆದ ಒಬ್ಬನನ್ನು ಜನರು ಯೇಸುವಿನ ಬಳಿಗೆ ತಂದರೆಂದು ಮಾರ್ಕನು ಬರೆದಿದ್ದಾನೆ. ಎಲ್ಲರ ಮುಂದೆಯೇ ಅವನನ್ನು ಗುಣಪಡಿಸಲು ಕರ್ತನು ಶಕ್ತನಾಗಿದ್ದನು. ಆದರೂ ಮೊದಲು ಗುಂಪಿನಿಂದ ಆಚೆಗೆ ಕರಕೊಂಡು ಹೋದನು. ಆಚೆಗೆ ಯಾಕೆ ಎಂಬದನ್ನು ನನಗೆ ಹಳಿಯಾಳ ಸೀಮೆಯ ಒಬ್ಬ ಯೌವನಸ್ಥನು ಕಲಿಸಿದನು.

ಅವನಿಗೆ ಇಪ್ಪತ್ತು ವರುಷ. ಮೀಸೆ ಬಂದಿದೆ, ಹೆಗಲು ಅಗಲವಾಗಿದೆ. ದಾಂಡೇಲಿಯಲ್ಲಿ ಬಂಗೂರನಗರದ ಹತ್ತಿರ ದುಡಿಯುತ್ತಾನೆ. ಸ್ವರ ಮಾತ್ರ ಹತ್ತು ವರುಷದ ಹುಡುಗನದು. ಫೋನಿನಲ್ಲಿ ಅವನನ್ನು "ಅಕ್ಕಾ" ಎಂದು ಕರೆಯುವರು. ದೇವಾಲಯದಲ್ಲಿ ಪಾಠ ಓದಲು ನಿಂತರೆ ಹಿಂದಿನ ಸಾಲಿನ ಹುಡುಗರು ನಗುವರು. ಆಗ ನಾನೇನು ಮಾಡಿದೆನು? ಹುಡುಗರನ್ನು ಗದರಿಸಲಿಲ್ಲ, ಓದುವ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟೆನು. ಅದು ದಯೆಯೆಂದು ಎಣಿಸಿಕೊಂಡೆನು. ಆ ಬಳಿಕ ಅವನು ಆರಾಧನೆಗೆ ಬರುವದನ್ನೇ ಬಿಟ್ಟನು. ನೆರೆಯವರು ಇದು ಹಿರಿಯರ ಪಾಪದ ಫಲವೆಂದರು. ಹುಟ್ಟುಕುರುಡನನ್ನು ಕುರಿತು ಶಿಷ್ಯರು ಕೇಳಿದ್ದೂ ಇದನ್ನೇ ಅಲ್ಲವೋ? ಕರ್ತನು ಅದನ್ನು ಒಪ್ಪಲಿಲ್ಲ.

ನಾನು ಅವನ ಮನೆಗೆ ಹೋಗಿ ನನ್ನ ತಪ್ಪನ್ನು ಅರಿಕೆಮಾಡಿ, ಅವನೊಡನೆ ಹುಬ್ಬಳ್ಳಿಗೆ ಗಂಟಲಿನ ವೈದ್ಯರ ಬಳಿಗೆ ಹೊರಟೆನು. ಅಲ್ಲಿ ತಿಳಿದದ್ದನ್ನು ಹೇಳುವೆನು, ಯಾಕಂದರೆ ನಮ್ಮ ಹಳ್ಳಿಗಳಲ್ಲಿ ಇದನ್ನು ಬಲ್ಲವರು ಸ್ವಲ್ಪವೇ. ಹುಡುಗನು ಪ್ರಾಯಕ್ಕೆ ಬರುವಾಗ ಧ್ವನಿಪೆಟ್ಟಿಗೆಯು ದೊಡ್ಡದಾಗುವದು, ಸ್ವರತಂತುಗಳು ಉದ್ದವೂ ದಪ್ಪವೂ ಆಗುವವು, ಸ್ವರವು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಇಳಿಯುವದು. ಕೆಲವರಲ್ಲಿ ಪೆಟ್ಟಿಗೆಯು ಸರಿಯಾಗಿ ಬೆಳೆದಿದ್ದರೂ, ಅವರು ತಾವರಿಯದೆ ಅದನ್ನು ಮೇಲಕ್ಕೆ ಬಿಗಿಹಿಡಿದು ಹಳೆಯ ಸ್ವರದಲ್ಲಿಯೇ ಮಾತಾಡುವರು. ವೈದ್ಯರು ಇದಕ್ಕೆ ಪ್ಯೂಬರ್‌ಫೋನಿಯಾ ಎನ್ನುವರು. ಇದು ಹಟವಲ್ಲ, ಗಂಡಸುತನದ ಕೊರತೆಯೂ ಅಲ್ಲ. ಮೀಸೆ ಮೊದಲಾದ ಪ್ರಾಯದ ಗುರುತುಗಳೇ ಬಾರದಿದ್ದರೆ ಅದು ಬೇರೆ ಸಂಗತಿ. ಅದನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ಗಂಟಲನ್ನು ಪರೀಕ್ಷಿಸಿದ ಮೇಲೆ ಅವನಿಗೆ ಕೆಮ್ಮಲು ಹೇಳಿದರು. ಕೆಮ್ಮಿನಲ್ಲಿ ದಪ್ಪ ಸ್ವರವೇ ಇತ್ತು! ಅವನು ಬೆಚ್ಚಿ ನನ್ನ ಮುಖವನ್ನು ನೋಡಿದನು. ವಾಕ್‌ಚಿಕಿತ್ಸಕರು ಬಾಗಲನ್ನು ಮುಚ್ಚಿ, ಗಂಟಲಿನ ಉಬ್ಬನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಕೆಮ್ಮಿನಿಂದ "ಆ" ಎಂಬ ಧ್ವನಿಯನ್ನು, ಅದರಿಂದ ಪದವನ್ನು, ಪದದಿಂದ ವಾಕ್ಯವನ್ನು ಹೊರಡಿಸಿದರು. (ಮನೆಯಲ್ಲಿ ನೀವಾಗಿಯೇ ಒತ್ತಬೇಡಿರಿ.) ಬಹುಜನರಿಗೆ ಈ ಅಭ್ಯಾಸವೇ ಸಾಕಾಗುವದು, ಸಾಲದ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ಮಾತಿನ ಮತ್ತು ಸ್ವರದ ತೊಂದರೆಯುಳ್ಳವರಿಗೆ ನೆರವಾಗುತ್ತಿದೆ.

ಪ್ರಾರ್ಥನೆಯು ಸಾಲದೋ ಎಂದು ಸಭೆಯ ಹಿರಿಯರೊಬ್ಬರು ಕೇಳಿದರು. ಸಾಲದೆಂದು ನಾನು ಹೇಳಲಾರೆನು. ಆದರೆ ಕರ್ತನೂ ಆ ಕಿವುಡನ ಕಿವಿಗಳಲ್ಲಿ ಬೆರಳಿಟ್ಟನು, ಅವನ ನಾಲಿಗೆಯನ್ನು ಮುಟ್ಟಿದನು. ಮುಚ್ಚಿದ ಆ ಬಾಗಲಿನ ಹೊರಗೆ ಕೂತಿದ್ದಾಗ ನನಗೆ ಆ ಪಾಠವೇ ನೆನಪಾಯಿತು: ನಗುವವರ ಎದುರಿಗೆ ಯಾರ ಗಂಟಲೂ ಸಡಿಲವಾಗುವದಿಲ್ಲ. ಹೊಸ ಸ್ವರವು ತನ್ನದಲ್ಲವೆಂಬಂತೆ ಅವನಿಗೆ ತೋರಿತು. ಊರವರು ಅದಕ್ಕೂ ನಗುವರೆಂದು ಭಯಪಟ್ಟನು. ಕೆಲವು ವಾರ ಕೆಲಸಕ್ಕೆ ಮುಂಚೆ ಕಾಳಿಯ ದಡದಲ್ಲಿ ಒಬ್ಬನೇ ಗಟ್ಟಿಯಾಗಿ ಓದುತ್ತಿದ್ದನು.

ಹೋದ ಆದಿತ್ಯವಾರ ಅವನೇ ಪಾಠವನ್ನು ಓದಿದನು. ಎರಡು ಸಾರಿ ಸ್ವರವು ಒಡೆದು ಮೇಲಕ್ಕೆ ಹಾರಿತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನು ಕಿಸಕ್ಕೆಂದನು. ಈ ಸಾರಿ ನಾನು ಎದ್ದುಹೋಗಿ ಅವನ ಪಕ್ಕದಲ್ಲಿ ಕೂತೆನು. ಯೌವನಸ್ಥನು ಉಸಿರೆಳೆದು, ಬಿಟ್ಟ ವಚನದಿಂದಲೇ ಮುಂದಕ್ಕೆ ಓದಿದನು.